ಅಧಿಕಾರದಲ್ಲಿರುವವರನ್ನು ಟೀಕಿಸಿ ಬರೆಯುವವರಿಗೆ: ಪೋಸ್ಟ್ ಹಾಕುವ ಮುಂಚೆ, ಠಾಣೆಯಿಂದ ಫೋನ್ ಬಂದ ಮೇಲೆ

ಶಾಸಕರ ಬಗ್ಗೆ, ಮಂತ್ರಿಗಳ ಬಗ್ಗೆ, ಸರ್ಕಾರದ ಯಾವುದೋ ಆದೇಶದ ಬಗ್ಗೆ ಸಿಟ್ಟು ಬಂದು ನಾಲ್ಕು ಸಾಲು ಬರೆಯುತ್ತೀರಿ. ಪೋಸ್ಟ್ ಒತ್ತುವ ಮುಂಚೆ ಬೆರಳು ನಿಲ್ಲುತ್ತದೆ. "ಯಾಕೆ ಬೇಕಪ್ಪಾ ಊರ ಉಸಾಬರಿ" ಅಂದುಕೊಂಡು ಅಳಿಸಿಬಿಡುತ್ತೀರಿ. ಹೀಗೆ ಅಳಿಸುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅವರು ತಪ್ಪು ಬರೆದಿದ್ದರು ಅಂತಲ್ಲ. ಗೆರೆ ಎಲ್ಲಿದೆ ಅಂತ ಗೊತ್ತಿಲ್ಲ, ಗೆರೆಯ ಈಚೆಗೇ ಇದ್ದರೂ ಪೊಲೀಸರು ಕರೆದರೆ ಏನು ಮಾಡಬೇಕು ಅಂತ ಗೊತ್ತಿಲ್ಲ. ಈ ಎರಡು ವಿಷಯ ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಕೇಸ್ ಆದರೆ ವಕೀಲರು ಬೇಕೇ ಬೇಕು. ವಕೀಲರು ಬರುವ ತನಕ ನಿಮಗೆ ಗೊತ್ತಿರಬೇಕಾದದ್ದು ಇಲ್ಲಿದೆ.

ಮೊದಲು ಗೆರೆ ಎಲ್ಲಿದೆ ನೋಡಿ

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ಮಿತಿ ಹಾಕುತ್ತದೆ. ಮಿತಿ ಹಾಕಲು ಇರುವ ಕಾರಣಗಳು ಎಂಟೇ ಎಂಟು: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ದೇಶದ ಭದ್ರತೆ, ಬೇರೆ ದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಸರ್ಕಾರಕ್ಕೆ ಮುಜುಗರ ಆಗುತ್ತದೆ ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ. ನಾಯಕರ ಅಭಿಮಾನಿಗಳಿಗೆ ಬೇಜಾರಾಗುತ್ತದೆ ಅನ್ನುವುದೂ ಇಲ್ಲ.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆನ್‌ಲೈನ್‌ನಲ್ಲಿ ಕಿರಿಕಿರಿ ಮಾಡುವ ಬರಹಕ್ಕೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿತು. ಆ ತೀರ್ಪಿನಲ್ಲಿ ಮೂರು ಮೆಟ್ಟಿಲು ಇವೆ. ಒಂದು ವಿಷಯವನ್ನು ಚರ್ಚೆ ಮಾಡುವುದು, ಅದರ ಪರವಾಗಿ ಗಟ್ಟಿಯಾಗಿ ವಾದಿಸುವುದು, ಅದಕ್ಕಾಗಿ ಜನರನ್ನು ಅಪರಾಧಕ್ಕೆ ಕೆರಳಿಸುವುದು. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ, ಎಷ್ಟು ಜನಕ್ಕೆ ಇಷ್ಟ ಆಗದಿದ್ದರೂ ರಕ್ಷಣೆ ಇದೆ. ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು. ಬರೆದದ್ದನ್ನು ಒಮ್ಮೆ ಓದಿಕೊಂಡು ಇದು ಯಾವ ಮೆಟ್ಟಿಲಿನಲ್ಲಿದೆ ಅಂತ ಕೇಳಿಕೊಳ್ಳಿ. "ಈ ಕಾಯ್ದೆ ರೈತರಿಗೆ ದ್ರೋಹ, ಇದನ್ನು ತಂದವರಿಗೆ ಓಟು ಹಾಕಬೇಡಿ" ಅನ್ನುವುದು ಎರಡನೇ ಮೆಟ್ಟಿಲು. "ಇವರ ಮನೆಗೆ ನುಗ್ಗಿ" ಅನ್ನುವುದು ಮೂರನೆಯದು.

ಇನ್ನೊಂದು ಮಾತು. ರದ್ದಾದ 66ಎ ಅಡಿಯಲ್ಲಿ ದೇಶದ ಹಲವು ಕಡೆ ಪೊಲೀಸರು ಆಮೇಲೂ ಕೇಸ್ ಹಾಕುತ್ತಲೇ ಇದ್ದರು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಮಾಡಿ ಇದರಡಿ ಯಾರ ಮೇಲೂ ಮೊಕದ್ದಮೆ ನಡೆಸಬಾರದು ಅಂತ ಹೇಳಬೇಕಾಯಿತು. ಹಾಗಾಗಿ ಠಾಣೆಯಲ್ಲಿ ಯಾರಾದರೂ "ಐಟಿ ಆ್ಯಕ್ಟ್ ಹಾಕ್ತೀವಿ" ಅಂದರೆ ಯಾವ ಸೆಕ್ಷನ್ ಅಂತ ಕೇಳಿ.

ದೇಶದ್ರೋಹದ ವಿಷಯಕ್ಕೆ ಬರೋಣ. ಹಳೆಯ ದಂಡ ಸಂಹಿತೆಯ (ಐಪಿಸಿ) 124ಎ ಸೆಕ್ಷನ್ ಬಗ್ಗೆ 1962ರಲ್ಲೇ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಹಿಂಸೆಗೆ ಪ್ರಚೋದನೆ ಅಥವಾ ಗಲಭೆ ಎಬ್ಬಿಸುವ ಉದ್ದೇಶ ಇಲ್ಲದೆ ಸರ್ಕಾರವನ್ನು ಎಷ್ಟು ಖಾರವಾಗಿ ಟೀಕಿಸಿದರೂ ದೇಶದ್ರೋಹ ಅಲ್ಲ. ಆದರೂ ಕೇಸ್‌ಗಳು ನಿಲ್ಲಲಿಲ್ಲ. 2022ರ ಮೇ 11ರಂದು ಆ ಸೆಕ್ಷನ್ನನ್ನೇ ಕೋರ್ಟ್ ತಡೆಹಿಡಿಯಿತು. ಆ ಅರ್ಜಿಗಳಲ್ಲಿ ಮುಖ್ಯವಾದದ್ದನ್ನು ಹಾಕಿದವರು ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ. ಸೇನೆಯಲ್ಲಿ ಇದ್ದು ಬಂದವರೇ ಈ ಕಾನೂನು ಬೇಡ ಅಂದರು ಅನ್ನುವುದನ್ನು ನೆನಪಿಡಿ, ಯಾರಾದರೂ "ಟೀಕೆ ಮಾಡುವವರೆಲ್ಲ ದೇಶದ ವಿರೋಧಿಗಳು" ಅಂದಾಗ ಬೇಕಾಗುತ್ತದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ದೇಶದ್ರೋಹ ಅನ್ನುವ ಹೆಸರು ಇಲ್ಲ. ಆದರೆ ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ತರುವುದರ ಬಗ್ಗೆ 152ನೇ ಸೆಕ್ಷನ್ ಇದೆ, ಶಿಕ್ಷೆ ಏಳು ವರ್ಷದ ತನಕ ಅಥವಾ ಜೀವಾವಧಿ. ಇದು ಬಿದ್ದರೆ ಗಂಭೀರ, ಮೊದಲ ದಿನವೇ ವಕೀಲರನ್ನು ಹಿಡಿಯಿರಿ.

ಸಾಮಾನ್ಯವಾಗಿ ಪೋಸ್ಟ್‌ಗಳ ಮೇಲೆ ಬೀಳುವ ಸೆಕ್ಷನ್‌ಗಳು ಬೇರೆ. 196 ಅಂದರೆ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು, ಹಳೆಯ 153ಎ. 299 ಅಂದರೆ ಧಾರ್ಮಿಕ ಭಾವನೆಗೆ ಧಕ್ಕೆ, ಹಳೆಯ 295ಎ. 353 ಅಂದರೆ ಸುಳ್ಳು ಸುದ್ದಿ, ವದಂತಿಯಿಂದ ಗಲಭೆಗೆ ಕಾರಣವಾಗುವುದು, ಹಳೆಯ 505. 356 ಅಂದರೆ ಮಾನಹಾನಿ. ಈ ನಾಲ್ಕು ನಂಬರ್ ನೆನಪಿದ್ದರೆ ಸಾಕು.

ಬರೆಯುವಾಗ

ಅಧಿಕಾರಸ್ಥರು ಮಾಡಿದ ಕೆಲಸದ ಮೇಲೆ ಬರೆಯಿರಿ. ಅವರ ಜಾತಿ, ಧರ್ಮ, ಮನೆಯ ಹೆಣ್ಣುಮಕ್ಕಳು ನಿಮ್ಮ ವಿಷಯ ಅಲ್ಲ. ಇದು ಕಾನೂನಿಗಾಗಿ ಮಾತ್ರ ಹೇಳುತ್ತಿಲ್ಲ. ಮಂತ್ರಿಯೊಬ್ಬರ ತಪ್ಪಿಗೆ ಅವರ ಇಡೀ ಸಮುದಾಯವನ್ನು ಎಳೆದು ತಂದ ತಕ್ಷಣ ನಿಮ್ಮ ಟೀಕೆ ಅವರಿಂದ ಜಾರಿ ಬಡವರ ಮೇಲೆ ಬೀಳುತ್ತದೆ, ಮಂತ್ರಿ ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ. 196ನೇ ಸೆಕ್ಷನ್ ಹಿಡಿಯುವುದೂ ಇಂಥ ಮಾತನ್ನೇ.

ಆಮೇಲೆ ಸಂಗತಿ ಬೇರೆ, ಅಭಿಪ್ರಾಯ ಬೇರೆ ಅಂತ ಓದುವವರಿಗೆ ಕಾಣುವ ಹಾಗೆ ಬರೆಯಿರಿ. "ಮಂತ್ರಿ ರಸ್ತೆ ದುಡ್ಡು ತಿಂದ" ಅನ್ನುವುದು ಸಂಗತಿಯ ಹಾಗೆ ಓದುತ್ತದೆ, ನೀವು ಅದನ್ನು ಸಾಬೀತು ಮಾಡಬೇಕು. "ಈ ಟೆಂಡರ್‌ಗೆ ಒಬ್ಬರೇ ಬಿಡ್ ಹಾಕಿದ್ದಾರೆ, ಅವರಿಗೇ ಕೆಲಸ ಸಿಕ್ಕಿದೆ, ಆರು ತಿಂಗಳಲ್ಲಿ ರಸ್ತೆ ಕಿತ್ತು ಬಂದಿದೆ, ಇದಕ್ಕೆ ಮಂತ್ರಿಗಳು ಉತ್ತರ ಕೊಡಬೇಕು" ಅನ್ನುವುದರಲ್ಲಿ ಮೂರು ಸಂಗತಿ ಇವೆ, ಮೂರಕ್ಕೂ ದಾಖಲೆ ಸಿಗುತ್ತದೆ, ಕೊನೆಯ ಮಾತು ನಿಮ್ಮ ಹಕ್ಕು. ಎರಡನೆಯದೇ ಹೆಚ್ಚು ಚುಚ್ಚುತ್ತದೆ. ಸುಮ್ನೆ ಬೈದರೆ ಅವರಿಗೆ ಉತ್ತರ ಕೊಡುವ ಕಷ್ಟವೇ ಇರುವುದಿಲ್ಲ.

ದಾಖಲೆ ಎಲ್ಲಿ ಸಿಗುತ್ತದೆ? ಟೆಂಡರ್ ವಿವರ ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಇರುತ್ತದೆ. ಸಿಎಜಿ ವರದಿಗಳು ಸಾರ್ವಜನಿಕ. ವಿಧಾನಸಭೆಯಲ್ಲಿ ಕೇಳಿದ ಪ್ರಶ್ನೆಗೆ ಮಂತ್ರಿಗಳು ಲಿಖಿತವಾಗಿ ಕೊಟ್ಟ ಉತ್ತರಗಳಿವೆ. ಅದು ಅವರದೇ ಮಾತು, ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಅಂತ ಇದೆ. ಇದು ಗೊತ್ತಿಲ್ಲದೆ ಉದ್ದ ಅರ್ಜಿ ಬರೆದು ತಿರಸ್ಕಾರ ಆದವರು ಬೇಕಾದಷ್ಟು ಜನ. ಅರ್ಜಿ ಬರೆಯುವಾಗ ಸಿಟ್ಟು ಬೇಡ, ಪ್ರಶ್ನೆ ಮಾತ್ರ ಇರಲಿ.

ಮಾನಹಾನಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಬರೆಯುವವರನ್ನು ಸುಸ್ತು ಮಾಡಲು ಹೆಚ್ಚು ಬಳಕೆ ಆಗುವುದು ಅದೇ. ನಮ್ಮಲ್ಲಿ ಮಾನಹಾನಿ ಸಿವಿಲ್ ಕೂಡ ಹೌದು, ಕ್ರಿಮಿನಲ್ ಕೂಡ ಹೌದು. 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿಯನ್ನು ಎತ್ತಿಹಿಡಿಯಿತು. ಅದು ಬೇಸರದ ತೀರ್ಪು ಅನ್ನುವುದು ನನ್ನ ಅಭಿಪ್ರಾಯ. ಮಾತಿಗೆ ಜೈಲು ಬೇಡ, ನಷ್ಟ ಆಗಿದ್ದರೆ ಪರಿಹಾರ ಕೇಳಲಿ. ಆದರೆ ಕಾನೂನು ಇರುವುದು ಹೀಗೆ, ಎರಡು ವರ್ಷದ ತನಕ ಸಾದಾ ಸಜೆ. ಗೌರಿ ಲಂಕೇಶ್ ಅವರಿಗೆ 2008ರಲ್ಲಿ ಪ್ರಕಟವಾದ ಒಂದು ವರದಿಗಾಗಿ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಕೋರ್ಟ್ ಆರು ತಿಂಗಳ ಶಿಕ್ಷೆ ವಿಧಿಸಿತ್ತು, ಅವರು ಜಾಮೀನು ಪಡೆದಿದ್ದರು. ಲೇಖನ ಬಂದ ಎಂಟು ವರ್ಷದ ಮೇಲೆ! ಬರೆದದ್ದರ ಕಾಗದಪತ್ರ ಎಷ್ಟು ವರ್ಷ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಇದೇ ಉತ್ತರ.

ಕ್ರಿಮಿನಲ್ ಮಾನಹಾನಿಯಲ್ಲಿ ಬರೆದದ್ದು ಸತ್ಯ ಅಂದರೆ ಮಾತ್ರ ಸಾಲದು. ಅದು ಸಾರ್ವಜನಿಕ ಹಿತಕ್ಕಾಗಿ ಬರೆದದ್ದು ಅಂತಲೂ ತೋರಿಸಬೇಕು. ಹಾಗಾಗಿ ಅಧಿಕಾರಿಯ ಸಂಸಾರದ ಜಗಳ ಸತ್ಯವೇ ಆಗಿದ್ದರೂ ಬಿಡಿ. ಅವರು ಕಚೇರಿಯಲ್ಲಿ ಮಾಡಿದ್ದು ಹಿಡಿಯಿರಿ. ಸರ್ಕಾರಿ ಹುದ್ದೆಯಲ್ಲಿರುವವರ ಸಾರ್ವಜನಿಕ ನಡವಳಿಕೆ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳುವುದಕ್ಕೆ ಆ ಸೆಕ್ಷನ್ನಿನಲ್ಲೇ ವಿನಾಯಿತಿ ಇದೆ. 1994ರ ರಾಜಗೋಪಾಲ್ ತೀರ್ಪಿನ ಪ್ರಕಾರ ಸರ್ಕಾರ, ನಗರಸಭೆಯಂಥ ಸಂಸ್ಥೆಗಳೇ ತಮಗೆ ಮಾನನಷ್ಟ ಆಯಿತು ಅಂತ ಪರಿಹಾರದ ದಾವೆ ಹೂಡುವ ಹಾಗೂ ಇಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ: ಮಾನಹಾನಿಗೆ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ಹಿಡಿದುಕೊಂಡು ಹೋಗುವ ಹಾಗಿಲ್ಲ. ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. "ನಿಮ್ಮ ಮೇಲೆ ಮಾನಹಾನಿ ಕಂಪ್ಲೇಂಟ್ ಇದೆ, ಠಾಣೆಗೆ ಬಂದು ಪೋಸ್ಟ್ ಡಿಲೀಟ್ ಮಾಡಿ" ಅಂತ ಫೋನ್ ಬಂದರೆ ಅದು ಬರೀ ಒತ್ತಡ.

ಹಳೆಯ ವಿಡಿಯೋಗಳ ಬಗ್ಗೆ ಹುಷಾರು. ಬೇರೆ ರಾಜ್ಯದ, ಎಷ್ಟೋ ವರ್ಷ ಹಿಂದಿನ ಗಲಾಟೆಯ ವಿಡಿಯೋವನ್ನು "ನಮ್ಮೂರಲ್ಲಿ ಈಗ" ಅಂತ ಹಾಕಿದರೆ 353 ಬೀಳುತ್ತದೆ, ಅದು ಬೀಳಬೇಕಾದದ್ದೂ ಹೌದು, ಅದರಿಂದ ಜನ ಸತ್ತಿದ್ದಾರೆ. ಫಾರ್ವರ್ಡ್ ಮಾಡಿದ್ದಷ್ಟೇ ಅನ್ನುವ ವಾದ ನಡೆಯುವುದಿಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಫಾರ್ವರ್ಡ್ ಮಾಡಿದವರೂ ಹೊಣೆ ಅಂತ ಹೇಳಿದೆ. ವಾಟ್ಸಾಪ್ ಗ್ರೂಪಿನ ಅಡ್ಮಿನ್‌ಗಳು ಮಾತ್ರ ಸ್ವಲ್ಪ ನಿರಾಳ ಆಗಬಹುದು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಆಗುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ.

ಗೋಡೆಗೆ ಪೋಸ್ಟರ್ ಹಚ್ಚುವುದಾದರೆ ಬೇರೆಯದೇ ಕಾನೂನು ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಅಂದಿನ ಮುಖ್ಯಮಂತ್ರಿಯನ್ನು ಅಣಕಿಸುವ "ಪೇಸಿಎಂ" ಪೋಸ್ಟರ್ ಹಚ್ಚಿದವರ ಮೇಲೆ ಬಳಸಿದ್ದು ಸಾರ್ವಜನಿಕ ಸ್ಥಳಗಳ ವಿರೂಪ ತಡೆಯುವ 1981ರ ರಾಜ್ಯ ಕಾಯ್ದೆ. ಅದೇ ಚಿತ್ರ ಫೇಸ್‌ಬುಕ್‌ನಲ್ಲಿದ್ದರೆ ಈ ಕಾಯ್ದೆ ಅನ್ವಯ ಆಗುವುದಿಲ್ಲ.

ಸರ್ಕಾರಿ ನೌಕರರು ಇದನ್ನು ಬೇರೆ ಥರ ಓದಬೇಕು. ನಿಮಗೆ ಕ್ರಿಮಿನಲ್ ಕೇಸ್‌ಗಿಂತ ಮುಂಚೆ ಅಮಾನತು ಆದೇಶ ಬರುತ್ತದೆ, ಯಾಕೆಂದರೆ ನಡತೆ ನಿಯಮಗಳು ಸರ್ಕಾರವನ್ನು ಟೀಕಿಸದಂತೆ ತಡೆಯುತ್ತವೆ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಬೇರೆ ಬೇರೆ ಮುಖ್ಯಮಂತ್ರಿಗಳ ಕಾಲದ ಸಾಲದ ಲೆಕ್ಕ ಹಾಕಿ ಉಚಿತ ಯೋಜನೆಗಳನ್ನು ಪ್ರಶ್ನಿಸಿದ್ದಕ್ಕೆ ಅಮಾನತಾದರು. ಲೆಕ್ಕ ಹಾಕಿದ ಶಿಕ್ಷಕರಿಗೆ ಆ ಶಿಕ್ಷೆ ನ್ಯಾಯ ಅಲ್ಲ ಅನ್ನುವುದು ನನ್ನ ನಿಲುವು. ಆದರೆ ನಿಯಮ ಇದೆ, ತಿಳಿದುಕೊಂಡು ಬರೆಯಿರಿ. ದುಬೈ, ಅಬುಧಾಬಿಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೂ ಒಂದು ಮಾತು: ಅಲ್ಲಿಂದ ಊರಿನ ರಾಜಕೀಯದ ಬಗ್ಗೆ ಬರೆದರೂ ಅಲ್ಲಿಯ ಸೈಬರ್ ಕಾನೂನೂ ಅನ್ವಯ ಆಗುತ್ತದೆ, ಅದು ನಮ್ಮದಕ್ಕಿಂತ ಬಹಳ ಬಿಗಿ. ಧರ್ಮದ ಬಗ್ಗೆ ಹೀನಾಯವಾಗಿ ಬರೆದು ಕೆಲಸ ಕಳೆದುಕೊಂಡು ವಾಪಸ್ ಬಂದವರಿದ್ದಾರೆ.

ಪೋಸ್ಟ್ ಮಾಯ ಆದರೆ

ಯಾರು ತೆಗೆಸಿದರು ಅಂತ ಮೊದಲು ನೋಡಿ. ಕಂಪನಿಯೇ ತನ್ನ ನಿಯಮದಂತೆ ತೆಗೆದಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲಿ ಹೋಗಬಹುದು. ಯೂಟ್ಯೂಬ್‌ನಲ್ಲಿ ಕಾಪಿರೈಟ್ ಸ್ಟ್ರೈಕ್ ಬಂದಿದ್ದರೆ, ವಿಮರ್ಶೆಗಾಗಿ ತುಣುಕು ಬಳಸಲು ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಜಾಗ ಕೊಡುತ್ತದೆ, ಪ್ರತಿ ನೋಟಿಸ್ ಕಳಿಸಿ.

ಸರ್ಕಾರ ತೆಗೆಸಿದ್ದರೆ ದಾರಿ ಕಷ್ಟ. ಐಟಿ ಕಾಯ್ದೆಯ 69ಎ ಸೆಕ್ಷನ್ನಿನ ತಡೆ ಆದೇಶಗಳು ಗೌಪ್ಯ, ಕಾರಣ ನಿಮ್ಮ ಕೈಗೆ ಸಿಗುವುದೇ ಅಪರೂಪ. ಈಗ ಕೇಂದ್ರ ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ಅದೇ ಕಾಯ್ದೆಯ 79(3)(ಬಿ) ಅಡಿಯಲ್ಲೂ ತೆಗೆಯುವ ಸೂಚನೆಗಳು ಹೋಗುತ್ತವೆ. ಅದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಬರೆದವರನ್ನು ಒಂದು ಮಾತೂ ಕೇಳದೆ ಅವರ ಬರಹ ತೆಗೆಸುವುದು ನನಗೆ ಸರಿ ಕಾಣುವುದಿಲ್ಲ.

ಕೋರ್ಟಿನ ತಡೆಯಾಜ್ಞೆ ಇನ್ನೊಂದು ಬಗೆ. ಎದುರು ಪಕ್ಷವನ್ನು ಕೇಳದೆಯೇ, ಹೆಸರಿಲ್ಲದ "ಯಾರೇ ಆಗಲಿ" ಅನ್ನುವ ಪ್ರತಿವಾದಿಗಳ ಮೇಲೆ ಬೆಂಗಳೂರಿನ ಸಿವಿಲ್ ಕೋರ್ಟ್‌ಗಳಲ್ಲಿ ಇಂಥ ಆದೇಶ ಸಿಗುತ್ತಲೇ ಇರುತ್ತದೆ. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಬಂದ ಆದೇಶ 8,842 ಲಿಂಕ್‌ಗಳಿಗೆ ಸಂಬಂಧಿಸಿತ್ತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟ್‌ಗೆ ಹೋದಾಗ, ಆಗಸ್ಟ್ 1ರಂದು ಆ ಚಾನೆಲ್ ಮಟ್ಟಿಗೆ ಆದೇಶ ರದ್ದಾಗಿ ಮತ್ತೆ ವಿಚಾರಣೆಗೆ ಹೋಯಿತು. ವಿಚಾರಣೆಗೆ ಮುಂಚೆ ಬರಹಕ್ಕೆ ತಡೆ ಕೊಡುವುದು ತೀರಾ ಅಪರೂಪಕ್ಕೆ ಮಾತ್ರ ಅಂತ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಕೀಲರಿಗೆ ಇದನ್ನು ಹೇಳಿ. ಆದೇಶ ಇರುವಷ್ಟು ದಿನ ಮಾತ್ರ ಅದನ್ನು ಮೀರಬೇಡಿ, ಕೋರ್ಟಿನ ಆದೇಶವನ್ನು ಕೋರ್ಟಿನಲ್ಲೇ ಎದುರಿಸಬೇಕು.

ಠಾಣೆಯಿಂದ ಫೋನ್ ಬಂದಾಗ

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಬಹಳ ಜನರ ಧೈರ್ಯ ಕುಸಿಯುವುದು ಶಿಕ್ಷೆಯಿಂದಲ್ಲ, ಈ ಒಂದು ಫೋನ್‌ನಿಂದ.

"ಸ್ವಲ್ಪ ಠಾಣೆಗೆ ಬಂದು ಹೋಗಿ" ಅನ್ನುತ್ತಾರೆ. ಮರ್ಯಾದೆಯಿಂದ ಮಾತಾಡಿ, ಕೂಗಬೇಡಿ. ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಮಾತಾಡುತ್ತಿರುವವರ ಹೆಸರು ಮತ್ತು ಹುದ್ದೆ, ಯಾವ ಠಾಣೆ, ಎಫ್‌ಐಆರ್ ಆಗಿದೆಯಾ ಅಥವಾ ಬರೀ ಅರ್ಜಿ ವಿಚಾರಣೆಯಾ, ನಂಬರ್ ಎಷ್ಟು. ಆಮೇಲೆ "ಸಾರ್, ಲಿಖಿತ ನೋಟಿಸ್ ಕೊಡಿ, ಖಂಡಿತ ಬರ್ತೀನಿ" ಅನ್ನಿ. ಹೀಗೆ ಕೇಳುವುದು ಉದ್ಧಟತನ ಅಲ್ಲ. ಕಾನೂನೇ ಹಾಗಿದೆ. ಬಂಧನ ಅಗತ್ಯ ಇಲ್ಲದ ಪ್ರಕರಣಗಳಲ್ಲಿ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಪ್ರಕ್ರಿಯಾ ಸಂಹಿತೆ) 35(3)ರ ಅಡಿಯಲ್ಲಿ ಹಾಜರಾಗುವ ನೋಟಿಸ್ ಕೊಡಬೇಕು, ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂಟಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಡಿಯೋ ಕಾಲ್‌ನಲ್ಲಿ ಸಮವಸ್ತ್ರ ಹಾಕಿಕೊಂಡು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ" ಅಂದರೆ ಫೋನ್ ಕಟ್ ಮಾಡಿ, ಅಂಥದ್ದು ಕಾನೂನಿನಲ್ಲಿ ಇಲ್ಲವೇ ಇಲ್ಲ, ಅವರು ಕಳ್ಳರು.

ನೋಟಿಸ್ ಕೈಗೆ ಬಂದರೆ ತಪ್ಪದೆ ಹೋಗಿ. ಹೇಳಿದ ದಿನಕ್ಕೆ ಹಾಜರಾಗುತ್ತಾ ಇದ್ದರೆ, ಕಾರಣ ಬರೆದು ದಾಖಲಿಸದೆ ನಿಮ್ಮನ್ನು ಬಂಧಿಸುವ ಹಾಗಿಲ್ಲ. ತಪ್ಪಿಸಿಕೊಂಡರೆ ನೀವೇ ಆ ರಕ್ಷಣೆ ಕಳೆದುಕೊಳ್ಳುತ್ತೀರಿ. 196, 299, 353 ಇವೆಲ್ಲ ಏಳು ವರ್ಷದೊಳಗಿನ ಶಿಕ್ಷೆಯ ಸೆಕ್ಷನ್‌ಗಳು, ಕೇಸ್ ಆದ ಕೂಡಲೇ ಬಂಧಿಸಬಾರದು ಅಂತ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ಸಾಕ್ಷಿಯಾಗಿ ಕರೆಯುವುದಾದರೆ ಹೆಣ್ಣುಮಕ್ಕಳು, 60 ದಾಟಿದವರು, ಅಂಗವಿಕಲರು ಠಾಣೆಗೆ ಹೋಗಬೇಕಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು.

ಹೋಗುವ ಮುಂಚೆ ಪೋಸ್ಟಿನ ಪೂರ್ತಿ ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ, ಕೆಳಗಿನ ಕಾಮೆಂಟ್‌ಗಳು, ನಿಮ್ಮ ಆಧಾರದ ದಾಖಲೆಗಳು ಎಲ್ಲ ತೆಗೆದು ಬೇರೆ ಕಡೆ ಇಡಿ. ಪೂರ್ತಿ ಅಂದರೆ ಪೂರ್ತಿ. ದೂರು ಕೊಟ್ಟವರು ಸಾಮಾನ್ಯವಾಗಿ ಒಂದು ಸಾಲು ಕತ್ತರಿಸಿ ಕೊಟ್ಟಿರುತ್ತಾರೆ, ಹಿಂದೆ ಮುಂದೆ ಏನಿತ್ತು ಅನ್ನುವುದೇ ನಿಮ್ಮನ್ನು ಉಳಿಸುತ್ತದೆ. ಹೆದರಿ ಫೋನ್ ರೀಸೆಟ್ ಮಾಡಬೇಡಿ. ಸಾಕ್ಷಿ ನಾಶ ಅಂತ ಇನ್ನೊಂದು ಸೆಕ್ಷನ್ ಸೇರಿಕೊಳ್ಳುತ್ತದೆ.

ಠಾಣೆಯಲ್ಲಿ ವಿಚಾರಣೆ ಹೊತ್ತಿನಲ್ಲಿ ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಿಲ್ಲ, ಸಂವಿಧಾನದ 20(3)ನೇ ವಿಧಿ ಇದೆ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕು ಅನ್ನುವುದೂ ಇಲ್ಲ, ಕಾನೂನು ಸಹಿ ಬೇಡ ಅಂತಲೇ ಹೇಳುತ್ತದೆ. ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಸಹಿ ಬೇಡ. ಫೋನ್ ಕೇಳಿದರೆ ಜಪ್ತಿಗೆ ಮಹಜರು ಬರೆದು ಪ್ರತಿ ಕೊಡಲಿ, ಜಪ್ತಿಯ ವಿಡಿಯೋ ಆಗಬೇಕು ಅಂತ ಬಿಎನ್‌ಎಸ್‌ಎಸ್ 105 ಹೇಳುತ್ತದೆ. ಪಾಸ್‌ವರ್ಡ್ ಕೇಳಿದರೆ ಕೋರ್ಟಿನ ಆದೇಶ ಇದೆಯಾ ಅಂತ ವಿಚಾರಿಸಿ, ವಕೀಲರ ಜೊತೆ ಮಾತಾಡಲು ಸಮಯ ಕೇಳಿ. ಫೋನ್ ಜಪ್ತಿ ಮತ್ತು ಶೋಧ ಹೇಗೆ ಮಾಡಬೇಕು ಅಂತ ಕರ್ನಾಟಕ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ ವಿವರವಾಗಿ ಬರೆದಿದೆ.

ಮುಚ್ಚಳಿಕೆ ಬರೆದುಕೊಡಿ, ಕ್ಯಾಮೆರಾ ಮುಂದೆ ಕ್ಷಮೆ ಕೇಳಿ, ಮನೆಗೆ ಹೋಗಿ ಅನ್ನುವುದು ನಮ್ಮಲ್ಲಿ ರೂಢಿ ಆಗಿಬಿಟ್ಟಿದೆ. ಕ್ಷಮೆಯ ವಿಡಿಯೋ ಕಾನೂನಿನ ಯಾವ ಪುಟದಲ್ಲೂ ಇಲ್ಲ. 2019ರ ಮಾರ್ಚ್‌ನಲ್ಲಿ ವಿಜಯಪುರದ ಇಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕರನ್ನು ಯುದ್ಧದ ಮಾತಿನ ವಿರುದ್ಧ ಪೋಸ್ಟ್ ಹಾಕಿದ್ದಕ್ಕೆ ಗುಂಪೊಂದು ಮೊಣಕಾಲೂರಿಸಿ ಕ್ಷಮೆ ಕೇಳಿಸಿತು. ಆ ದೃಶ್ಯ ನೋಡಿದವರೆಷ್ಟು ಜನ ಅವತ್ತು ತಮ್ಮ ಪೋಸ್ಟ್ ಅಳಿಸಿರಬಹುದು ಯೋಚಿಸಿ. ಗುಂಪು ಮನೆಗೆ ಬಂದರೆ ಬಾಗಿಲು ತೆಗೆಯಬೇಡಿ, 112ಕ್ಕೆ ಫೋನ್ ಮಾಡಿ, ಕಿಟಕಿಯಿಂದ ವಿಡಿಯೋ ಮಾಡಿ, ಆಮೇಲೆ ನೀವೇ ದೂರು ಕೊಡಿ. ಬರೆದದ್ದರಲ್ಲಿ ನಿಜವಾಗಿ ತಪ್ಪಿದ್ದರೆ ತಿದ್ದಿ, ತಿದ್ದಿದ್ದೀನಿ ಅಂತ ಬಹಿರಂಗವಾಗಿ ಹೇಳಿ. ತಪ್ಪಿಲ್ಲದಿದ್ದರೆ ಕ್ಷಮೆಯ ಪ್ರಶ್ನೆ ಬರುವುದಿಲ್ಲ.

ಎಫ್‌ಐಆರ್ ಆದ ಮೇಲೆ

ಪ್ರತಿಯನ್ನು ರಾಜ್ಯ ಪೊಲೀಸ್ ವೆಬ್‌ಸೈಟ್‌ನಲ್ಲಿ ಹುಡುಕಿ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದದ್ದನ್ನು 24 ಗಂಟೆಯೊಳಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರಿನಲ್ಲಿ ನಿಮ್ಮ ಯಾವ ಸಾಲು ಉಲ್ಲೇಖ ಆಗಿದೆ ನೋಡಿ. ಆಮೇಲೆ ವಕೀಲರಿಗೆ ಎರಡು ತೀರ್ಪು ತೋರಿಸಿ.

ಮೊದಲನೆಯದು 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪಗಢಿ ತೀರ್ಪು. ಒಂದು ಕವಿತೆ ಇದ್ದ ವಿಡಿಯೋಗೆ ಗುಜರಾತಿನ ಜಾಮ್‌ನಗರದಲ್ಲಿ ಸಂಸದರಾದ ಪ್ರತಾಪಗಢಿ ಮೇಲೆ ಕೇಸ್ ಆಗಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ಧೈರ್ಯದ, ವಿವೇಕದ ಜನರ ಅಳತೆಯಲ್ಲಿ ನೋಡಬೇಕು, ಸಣ್ಣ ಮಾತಿಗೂ ಅಳುಕುವವರ ಅಳತೆಯಲ್ಲಿ ಅಲ್ಲ ಅಂತ ಹೇಳಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಬಿಎನ್‌ಎಸ್‌ಎಸ್ 173(3)ರ ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಅಂತಲೂ ಹೇಳಿತು. ಎರಡನೆಯದೂ ಸುಪ್ರೀಂ ಕೋರ್ಟಿನದೇ, 2024ರ ಮಾರ್ಚ್ 7ರದು. ಕೊಲ್ಲಾಪುರದ ಪ್ರಾಧ್ಯಾಪಕರೊಬ್ಬರು 370ನೇ ವಿಧಿ ರದ್ದಾದ ದಿನವನ್ನು ಕರಾಳ ದಿನ ಅಂತ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದ್ದರು. ಸರ್ಕಾರದ ನಿರ್ಧಾರವನ್ನು ಟೀಕಿಸುವ ಹಕ್ಕು ಪ್ರತಿ ಪ್ರಜೆಗೂ ಇದೆ, ಪೊಲೀಸರಿಗೆ ಇದನ್ನು ಕಲಿಸಬೇಕಾದ ಸಮಯ ಬಂದಿದೆ ಅನ್ನುವುದು ಆ ತೀರ್ಪಿನ ಸಾರ.

ನಮ್ಮದೇ ರಾಜ್ಯದ ಬೀದರ್ ಪ್ರಕರಣವೂ ಇದೆ. 2020ರ ಜನವರಿಯಲ್ಲಿ ಶಾಲೆಯ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ನಾಟಕ ಆಡಿದ್ದಕ್ಕೆ ದೇಶದ್ರೋಹದ ಕೇಸ್ ಆಯಿತು, ಮುಖ್ಯಶಿಕ್ಷಕಿ ಮತ್ತು ಒಬ್ಬ ತಾಯಿ ಜೈಲಿಗೆ ಹೋದರು, ಚಿಕ್ಕ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಿಸಿದರು. 2023ರ ಜೂನ್‌ನಲ್ಲಿ ಶಾಲೆಯ ಆಡಳಿತ ಮಂಡಳಿಯವರ ಅರ್ಜಿ ಮೇಲೆ ಹೈಕೋರ್ಟಿನ ಕಲಬುರಗಿ ಪೀಠ ಕೇಸ್ ರದ್ದು ಮಾಡಿತು. ಪ್ರಧಾನಿಯ ಬಗ್ಗೆ ಆಡಿದ ಮಾತು ಹೀನಾಯ, ಆದರೆ ದೇಶದ್ರೋಹ ಅಲ್ಲ ಅಂತ ಹೇಳಿತು. ಗೆಲ್ಲಲು ಮೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಅದಕ್ಕೇ ನಾನು ಮುಂಚೆಯೇ ತಯಾರಿ ಮಾಡಿಕೊಳ್ಳಿ ಅನ್ನುವುದು.

ನಿರೀಕ್ಷಣಾ ಜಾಮೀನಿಗೆ ಈಗ ಬಿಎನ್‌ಎಸ್‌ಎಸ್ 482, ಕೇಸ್ ರದ್ದತಿಗೆ 528. ಹಳೆಯ ಸಂಹಿತೆಯಲ್ಲಿ ರದ್ದತಿಗೆ ಇದ್ದ ನಂಬರೇ 482, ಹಾಗಾಗಿ ಮಾತಾಡುವಾಗ ಗೊಂದಲ ಆಗುತ್ತದೆ. ರದ್ದತಿಗೆ ಬೆಂಗಳೂರಿಗೇ ಓಡಬೇಕಿಲ್ಲ, ನಿಮ್ಮ ಜಿಲ್ಲೆಗೆ ತಕ್ಕಂತೆ ಧಾರವಾಡ ಅಥವಾ ಕಲಬುರಗಿ ಪೀಠ ಇರಬಹುದು. 196, 299ರಲ್ಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳುವ ಹಾಗಿಲ್ಲ, ಅನುಮತಿ ಇದೆಯಾ ಅಂತ ವಕೀಲರು ನೋಡಲಿ. ಜಾಮೀನಿಗೆ "ಇನ್ನು ಬರೆಯಬಾರದು" ಅಂತ ಷರತ್ತು ಕೇಳಿದರೆ 2022ರ ಜುಲೈನ ಮೊಹಮ್ಮದ್ ಜುಬೇರ್ ಆದೇಶ ತೋರಿಸಿ. ಪತ್ರಕರ್ತರಿಗೆ ಟ್ವೀಟ್ ಮಾಡಬೇಡ ಅಂತ ಹೇಳಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಬಂಧಿಸಿದರೆ: ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು, ವಕೀಲರನ್ನು ಭೇಟಿ ಮಾಡಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಸಾಮಾನ್ಯವಾಗಿ ಬಂಧಿಸುವ ಹಾಗಿಲ್ಲ.

ನಿಮಗೆ ಆಗದವರ ಮೇಲೆ ಕೇಸ್ ಆದಾಗ

ನಿಮ್ಮ ವಿರೋಧಿ ಪಕ್ಷದವರ ಪೋಸ್ಟ್‌ಗೆ ಕೇಸ್ ಆಗಿದೆ ಅಂದುಕೊಳ್ಳಿ. "ಆಗಬೇಕಾದ್ದೇ" ಅಂತ ಬರೆಯುವ ಮುಂಚೆ ಹೆಸರು ಬದಲಿಸಿ ನೋಡಿ: ಇದೇ ವಾಕ್ಯ ನಿಮ್ಮವರು ಬರೆದಿದ್ದರೆ, ಇದೇ ಸೆಕ್ಷನ್ ಬೀಳಬೇಕಿತ್ತಾ? ಪೇಸಿಎಂ ಪೋಸ್ಟರ್ ಕೇಸ್ ಬಿಜೆಪಿ ಸರ್ಕಾರದ್ದು, ಚಿತ್ರದುರ್ಗದ ಶಿಕ್ಷಕರ ಅಮಾನತು ಕಾಂಗ್ರೆಸ್ ಸರ್ಕಾರದ ಕಾಲದ್ದು. ಎರಡನ್ನೂ ಒಟ್ಟಿಗೆ ಖಂಡಿಸಿದವರು ಎಷ್ಟು ಜನ? ಉದಾರವಾದಿ ಅಂತ ಹೇಳಿಕೊಳ್ಳುವ ನಾವು ಸೋಲುತ್ತಿರುವುದು ಇಲ್ಲೇ.

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತು. ದ್ವೇಷದ ಮಾತಿನಿಂದ ನಮ್ಮ ಕರಾವಳಿಯಲ್ಲಿ, ಬೇರೆ ಊರುಗಳಲ್ಲಿ ಏನಾಗಿದೆ ಅಂತ ನೋಡಿದವರಿಗೆ ಇದರ ಉದ್ದೇಶ ಅರ್ಥ ಆಗುತ್ತದೆ. ನನಗೂ ಆಗುತ್ತದೆ. ಆದರೆ ಏಳು ವರ್ಷದ ತನಕ ಶಿಕ್ಷೆ ಇರುವ ಕಾನೂನಿನಲ್ಲಿ ಸಾಮರಸ್ಯ ಕೆಡಿಸುವುದು, ಕೆಟ್ಟ ಭಾವನೆ ಹುಟ್ಟಿಸುವುದು ಅನ್ನುವಷ್ಟು ಅಗಲದ ಮಾತುಗಳಿದ್ದರೆ ಅದು ಮೂರನೇ ಮೆಟ್ಟಿಲಿಗೆ ನಿಲ್ಲುವುದಿಲ್ಲ, ಎರಡನೆಯದಕ್ಕೂ ಇಳಿಯುತ್ತದೆ. ಈ ಬಗ್ಗೆ ವಾದ ಮಾಡುವಾಗ ಮೂರು ವಿಷಯ ಕೇಳಿ. ಹಿಂಸೆಗೆ ಹತ್ತಿರದ ಪ್ರಚೋದನೆ ಇರಲೇಬೇಕು ಅಂತ ಬರೆದಿದ್ದಾರಾ? ಈಗಿರುವ 196ರಲ್ಲಿ ಸಾಧ್ಯವಿಲ್ಲದ್ದು ಯಾವುದು ಇದರಲ್ಲಿ ಸಾಧ್ಯ? ಮುಂದಿನ ಚುನಾವಣೆಯಲ್ಲಿ ನಿಮಗೆ ಆಗದವರು ಗೆದ್ದರೆ ಇದೇ ಕಾನೂನು ಅವರ ಕೈಯಲ್ಲಿ ಇರುವುದು ಒಪ್ಪಿಗೆಯಾ? ಸಭೆಯಲ್ಲೋ ಕಾಮೆಂಟಿನಲ್ಲೋ ಎದುರಿನವರು ಉತ್ತರ ಕೊಡುವ ತನಕ ಕಾಯಿರಿ, ವಿಷಯ ಬದಲಿಸಲು ಬಿಡಬೇಡಿ.

ಯಾರ ಮೇಲಾದರೂ ಕೇಸ್ ಆಗಿದೆ ಅಂತ ಗೊತ್ತಾದರೆ ಹ್ಯಾಷ್‌ಟ್ಯಾಗ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಜೊತೆಗೆ ಹೋಗುವವರು. ಒಬ್ಬರೇ ಠಾಣೆಗೆ ಹೋಗಲು ಬಿಡಬೇಡಿ. ಒಳಗೆ ಬಿಡದಿದ್ದರೆ ಹೊರಗೆ ನಿಂತು ಎಷ್ಟು ಗಂಟೆಗೆ ಒಳಗೆ ಹೋದರು, ಎಷ್ಟು ಗಂಟೆಗೆ ಬಂದರು ಬರೆದಿಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಉಚಿತ ಕಾನೂನು ಸೇವೆಯ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಇದಕ್ಕೆ ಅರ್ಹರು. ಜಿಲ್ಲಾ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕಿನಲ್ಲೂ ಸಮಿತಿ ಇರುತ್ತದೆ. ಆ ನಂಬರ್, ಒಬ್ಬ ವಕೀಲರ ನಂಬರ್, ಮನೆಯವರೊಬ್ಬರ ನಂಬರ್ ಕಾಗದದಲ್ಲಿ ಬರೆದು ಪರ್ಸ್‌ನಲ್ಲಿ ಇಟ್ಟುಕೊಳ್ಳಿ, ಮೊದಲು ಜಪ್ತಿ ಆಗುವುದು ಫೋನೇ.